ತೂಬು ಎಲ್ಲಿರಬೇಕು: ಅಂತರ್ಜಾಲ ಸೋಸುವ ದಾರಿಗಳ ಒಂದು ಹೋಲಿಕೆ

ಗಂಗಾವತಿ ತಾಲ್ಲೂಕಿನ ನಮ್ಮೂರ ಅರಿವು ಕೇಂದ್ರಕ್ಕೆ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಫೈಬರ್ ಸಂಪರ್ಕ ಬಂದ ಮೇಲೆ ಪೋಷಕರು ಕೇಳಿದ ಮೊದಲ ಪ್ರಶ್ನೆ ವೇಗದ ಬಗ್ಗೆ ಆಗಿರಲಿಲ್ಲ. ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತಾಗ ಅಶ್ಲೀಲ ಪುಟಗಳೂ ಬೆಟ್ಟಿಂಗ್ ತಾಣಗಳೂ ತೆರೆದುಕೊಳ್ಳದಂತೆ ಮಾಡಲಾಗದೇ ಎಂದು ಅವರು ಕೇಳಿದರು. ಅದರ ಬೆನ್ನಿಗೇ, ಸರ್ಕಾರವೇ ಕಂಪನಿಗಳಿಗೆ ಹೇಳಿ ಮೇಲಿನಿಂದಲೇ ಏಕೆ ನಿಲ್ಲಿಸಬಾರದು ಎಂದೂ ಕೇಳಿದರು. ಈ ಎರಡನೆಯ ಪ್ರಶ್ನೆಯನ್ನು ಬೇರೆ ದೇಶಗಳ ಸರ್ಕಾರಗಳು ಪ್ರಯೋಗಕ್ಕೆ ಹಚ್ಚಿ ನೋಡಿವೆ. ಆ ಪ್ರಯೋಗಗಳಲ್ಲಿ ಕಂಡದ್ದನ್ನು ಮುಂದಿಟ್ಟುಕೊಂಡು, ನಮ್ಮ ಕೈಗೆಟುಕುವ ಉಳಿದ ದಾರಿಗಳೊಂದಿಗೆ ಹೋಲಿಸಿ, ಯಾರಿಗೆ ಯಾವುದು ತಕ್ಕದ್ದು ಎಂದು ಇಲ್ಲಿ ಬರೆದಿದ್ದೇನೆ.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಬೆಳೆದವರಿಗೆ ಈ ವಿಷಯ ತಿಳಿಯುವುದು ಕಷ್ಟವಲ್ಲ. ಮುನಿರಾಬಾದಿನಲ್ಲಿ ಗೇಟು ಇಳಿಸಿದರೆ 227 ಕಿಲೋಮೀಟರ್ ಉದ್ದಕ್ಕೂ, ರಾಯಚೂರು ಜಿಲ್ಲೆಯ ಕೆಳಭಾಗದ ಹೊಲಗಳವರೆಗೆ, ಎಲ್ಲರ ನೀರೂ ನಿಲ್ಲುತ್ತದೆ. ವಿತರಣಾ ಕಾಲುವೆಯ ತೂಬು ಮುಚ್ಚಿದರೆ ಒಂದಷ್ಟು ಊರುಗಳಿಗೆ ನಿಲ್ಲುತ್ತದೆ. ಹೊಲಗಾಲುವೆಯ ಮಡೆ ಕಟ್ಟಿದರೆ ಒಂದೇ ಹೊಲಕ್ಕೆ. ಅಂತರ್ಜಾಲದಲ್ಲಿ ಸಂಪರ್ಕ ಕೊಡುವ ಸೇವಾದಾರ ಕಂಪನಿಯ ಜಾಲವೇ ಮುಖ್ಯ ಕಾಲುವೆ, ಆ ಸಂಪರ್ಕವನ್ನು ಮನೆಯ ಅಥವಾ ಗ್ರಂಥಾಲಯದ ಯಂತ್ರಗಳಿಗೆಲ್ಲ ಹಂಚುವ ರೌಟರ್ ಎಂಬ ಪೆಟ್ಟಿಗೆ ತೂಬು, ಮಗುವಿನ ಕೈಯಲ್ಲಿರುವ ಫೋನು ಮಡೆ. ಮೂರು ಕಡೆಯೂ ತಡೆಯಬಹುದು. ಆದರೆ ತಡೆಯುವವರು ಯಾರು, ತಪ್ಪಾಗಿ ತಡೆದಾಗ ಬಿಡಿಸಿಕೊಳ್ಳಲು ಯಾರ ಬಾಗಿಲಿಗೆ ಹೋಗಬೇಕು ಎಂಬ ಎರಡು ಮಾತುಗಳಲ್ಲಿ ಮೂರೂ ಬೇರೆ ಬೇರೆ. ಆರಿಸುವಾಗ ನಾನು ಎರಡನೆಯ ಮಾತಿಗೇ ಹೆಚ್ಚು ತೂಕ ಕೊಡುತ್ತೇನೆ, ಏಕೆಂದರೆ ಕಾಳನ್ನು ಒಂದಿಷ್ಟೂ ಹಿಡಿಯದೆ ಕಸವನ್ನಷ್ಟೇ ಹಿಡಿಯುವ ಸಾಣಿಗೆಯನ್ನು ಇದುವರೆಗೆ ಯಾರೂ ಮಾಡಿಲ್ಲ.

ಮುಖ್ಯ ಕಾಲುವೆಯಲ್ಲೇ ತಡೆಯುವುದು

ಸೇವಾದಾರರ ಮಟ್ಟದ ಸೋಸುವಿಕೆಯನ್ನು ಅರಿಯಲು ಆಸ್ಟ್ರೇಲಿಯಾದ ಕಥೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 2007ರಲ್ಲಿ ಅಲ್ಲಿನ ಸರ್ಕಾರ 8.4 ಕೋಟಿ ಆಸ್ಟ್ರೇಲಿಯನ್ ಡಾಲರುಗಳ ಯೋಜನೆಯೊಂದರಲ್ಲಿ ಮನೆಗಳಿಗೆ ಸೋಸುವ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಿತು. ಹದಿನಾರು ವರ್ಷದ ಶಾಲಾ ಹುಡುಗನೊಬ್ಬ ಅದನ್ನು ಸುಮಾರು ಅರ್ಧ ಗಂಟೆಯಲ್ಲಿ ದಾಟಿ ತೋರಿಸಿದ. ಆ ವರ್ಷದ ಕೊನೆಗೆ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ, ಸಂವಹನ ಸಚಿವ ಸ್ಟೀಫನ್ ಕಾನ್ರಾಯ್ ಅವರ ಮುಂದಾಳತ್ವದಲ್ಲಿ, ಸೋಸುವ ಹೊಣೆಯನ್ನು ಮನೆಗಳಿಂದ ತೆಗೆದು ಸೇವಾದಾರರ ಮೇಲೆ ಕಡ್ಡಾಯವಾಗಿ ಹೊರಿಸಲು ಹೊರಟಿತು. 2008ರಲ್ಲಿ ಟ್ಯಾಸ್ಮೇನಿಯಾದ ಲಾನ್ಸೆಸ್ಟನ್ನಿನ ಪ್ರಯೋಗಾಲಯದಲ್ಲಿ ಆರು ಉತ್ಪನ್ನಗಳನ್ನು ಪರೀಕ್ಷಿಸಿದಾಗ, ತಡೆಯಬೇಕಾದ ಪುಟಗಳಲ್ಲಿ ಶೇ 88ರಿಂದ 97ರಷ್ಟನ್ನು ಅವು ತಡೆದವು. ತಡೆಯಬಾರದ ಪುಟಗಳಲ್ಲಿಯೂ ಶೇ 1ರಿಂದ 8ರಷ್ಟು ಸಿಕ್ಕಿಬಿದ್ದವು. ಒಂದು ಉತ್ಪನ್ನದಲ್ಲಿ ಜಾಲದ ವೇಗ ಬಹುತೇಕ ಹಾಗೆಯೇ ಉಳಿದರೆ, ಎರಡರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಸಾವಿರ ನಿರುಪದ್ರವಿ ಪುಟಗಳಲ್ಲಿ ಹತ್ತರಿಂದ ಎಂಬತ್ತು ಮುಚ್ಚಿಹೋಗುತ್ತವೆ ಎಂದರೆ ಸಣ್ಣ ಲೆಕ್ಕವೇನೂ ಅಲ್ಲ. ಮುಚ್ಚಿದವುಗಳಲ್ಲಿ ನಿಮ್ಮ ಮಗಳಿಗೆ ಬೇಕಾದ ಪುಟ ಇದೆಯೇ ಎಂದು ಆ ಲೆಕ್ಕ ಹೇಳುವುದೂ ಇಲ್ಲ.

2009ರಲ್ಲಿ ಕೆಲವು ಸೇವಾದಾರರೊಂದಿಗೆ ನೈಜ ಜಾಲದಲ್ಲಿಯೇ ಪ್ರಯೋಗ ನಡೆಯಿತು; ದೇಶದ ಅತಿ ದೊಡ್ಡ ಸೇವಾದಾರ ಟೆಲ್‌ಸ್ಟ್ರಾ ಅದರಲ್ಲಿ ಸೇರಲಿಲ್ಲ. ಡಿಸೆಂಬರಿನಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅಧಿಕೃತ ನಿಷೇಧ ಪಟ್ಟಿಯಲ್ಲಿದ್ದ ವಿಳಾಸಗಳನ್ನು ಪೂರ್ತಿಯಾಗಿ ತಡೆಯಲು ಸಾಧ್ಯವಿತ್ತು. ಪಟ್ಟಿಯನ್ನು ಬಿಟ್ಟು ಬಗೆಬಗೆಯ ಅನುಚಿತ ವಿಷಯಗಳನ್ನು ಸೋಸಲು ಹೋದಾಗ ಯಶಸ್ಸು ಸರಿಸುಮಾರು ಐದರಲ್ಲಿ ನಾಲ್ಕು ಭಾಗಕ್ಕೆ ಇಳಿಯಿತು, ಮತ್ತು ತಂತ್ರಜ್ಞಾನ ಬಲ್ಲವರು ಇವೆಲ್ಲವನ್ನೂ ದಾಟಬಲ್ಲರು ಎಂಬುದನ್ನು ವರದಿಯೂ ಒಪ್ಪಿತು. ಈ ನಡುವೆ, ಆ ವರ್ಷದ ಮಾರ್ಚಿನಲ್ಲಿ, ಗುಪ್ತ ದಾಖಲೆಗಳನ್ನು ಬಯಲಿಗಿಡುವ ವಿಕಿಲೀಕ್ಸ್ ತಾಣ ಪ್ರಕಟಿಸಿದ ನಿಷೇಧ ಪಟ್ಟಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ದಂತವೈದ್ಯರೊಬ್ಬರ ತಾಣ ಕಾಣಿಸಿಕೊಂಡಿತು. ಗುಟ್ಟಾಗಿಟ್ಟ ಪಟ್ಟಿಯ ದೋಷ ಇರುವುದೇ ಇಲ್ಲಿ: ಅದರಲ್ಲಿ ತಮ್ಮ ಹೆಸರಿದೆಯೆಂದು ತಿಳಿಯದವರು ದೂರು ಕೊಡುವುದಾದರೂ ಹೇಗೆ? 2012ರ ನವೆಂಬರಿನಲ್ಲಿ ಸರ್ಕಾರ ಕಡ್ಡಾಯ ಸೋಸುವಿಕೆಯ ಯೋಜನೆಯನ್ನು ಕೈಬಿಟ್ಟು, ಮಕ್ಕಳ ಲೈಂಗಿಕ ಶೋಷಣೆಯ ತಾಣಗಳ ಇಂಟರ್‌ಪೋಲ್ ಪಟ್ಟಿಯೊಂದನ್ನು ಮಾತ್ರ ದೂರಸಂಪರ್ಕ ಕಾಯ್ದೆಯಡಿ ತಡೆಸಲು ನಿರ್ಧರಿಸಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. 2013ರಲ್ಲಿ ಅದೇ ಕಾಯ್ದೆಯನ್ನು ಬಳಸಿ ಬೇರೊಂದು ಸರ್ಕಾರಿ ಸಂಸ್ಥೆ ವಂಚನೆಯ ತಾಣವೊಂದನ್ನು ತಡೆಯಲು ಒಂದೇ ಒಂದು ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿನ ಅಂಕಿಗಳ ವಿಳಾಸವನ್ನು, ಮುಚ್ಚಿಸಿದಾಗ, ಆ ವಿಳಾಸವನ್ನು ಹಂಚಿಕೊಂಡಿದ್ದ 1,200ಕ್ಕೂ ಹೆಚ್ಚು ತಾಣಗಳು ಅದರೊಂದಿಗೆ ಮುಚ್ಚಿಹೋದವು.

ಬ್ರಿಟನ್ನು ಬೇರೆ ದಾರಿ ಹಿಡಿಯಿತು. 2013ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಅವರ ಒತ್ತಾಯದ ಮೇರೆಗೆ ನಾಲ್ಕು ದೊಡ್ಡ ಸೇವಾದಾರರು ಪ್ರತಿಯೊಬ್ಬ ಹೊಸ ಗ್ರಾಹಕನಿಗೂ ಸೋಸುವಿಕೆ ಬೇಕೇ ಬೇಡವೇ ಎಂದು ಕೇಳುವ ಪದ್ಧತಿ ತಂದರು. ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2014ರಲ್ಲಿ ಲೆಕ್ಕ ಹಾಕಿದಾಗ, ಹೊಸ ಗ್ರಾಹಕರಲ್ಲಿ ಬೇಕೆಂದವರು ಬಿಟಿಯಲ್ಲಿ ಶೇ 5, ಸ್ಕೈನಲ್ಲಿ ಶೇ 8, ವರ್ಜಿನ್‌ನಲ್ಲಿ ಶೇ 4, ಟಾಕ್‌ಟಾಕ್‌ನಲ್ಲಿ ಮಾತ್ರ ಶೇ 36. ಕೇಳಿದರೆ ಎಲ್ಲರೂ ಬೇಕೆನ್ನುತ್ತಾರೆ ಎಂಬ ನಂಬಿಕೆ ಅಲ್ಲಿಯೇ ನಿಲ್ಲಲಿಲ್ಲ. ಲೈಂಗಿಕ ಶಿಕ್ಷಣದ ತಾಣಗಳೂ ಅತ್ಯಾಚಾರಕ್ಕೊಳಗಾದವರಿಗೆ ನೆರವಾಗುವ ಕೇಂದ್ರವೊಂದರ ತಾಣವೂ ಸೋಸುವಿಕೆಗೆ ಸಿಕ್ಕಿದ್ದನ್ನು ಆಗಿನ ಪತ್ರಕರ್ತರು ಬಯಲಿಗೆಳೆದರು. ಆದರೂ ಆಸ್ಟ್ರೇಲಿಯಾದ ಯೋಜನೆಗಿಂತ ಇದು ಎಷ್ಟೋ ವಾಸಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೇಡವೆನ್ನುವ ಗುಂಡಿ ಗ್ರಾಹಕನ ಕೈಯಲ್ಲಿತ್ತು.

ಭಾರತದಲ್ಲಿ ಸೇವಾದಾರರು ತಡೆಯುವುದು ಸರ್ಕಾರದ ಅಥವಾ ನ್ಯಾಯಾಲಯದ ಆದೇಶ ಬಂದಾಗ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 69ಎ ವಿಧಿ ಮತ್ತು 2009ರ ನಿಯಮಗಳು ಇದಕ್ಕೆ ಆಧಾರ. ಆ ನಿಯಮಗಳಲ್ಲಿ 16ನೆಯದು ದೂರು ಮತ್ತು ಆದೇಶಗಳನ್ನು ಗೋಪ್ಯವಾಗಿಡಲು ಹೇಳುತ್ತದೆ. ಶ್ರೇಯಾ ಸಿಂಘಾಲ್ ಪ್ರಕರಣದ 2015ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆಂದಿದ್ದ 66ಎ ವಿಧಿಯನ್ನು ರದ್ದುಮಾಡಿದರೂ 69ಎ ವಿಧಿಯನ್ನು ಎತ್ತಿಹಿಡಿಯಿತು. ಆದೇಶಗಳು ಜಾರಿಯಾದ ಬಗೆ ಹೇಗಿತ್ತೆಂದರೆ, 2003ರಲ್ಲಿ ಯಾಹೂವಿನ ಒಂದು ಗುಂಪನ್ನು ತಡೆಯಲು ಹೇಳಿದಾಗ ಸೇವಾದಾರರು ಯಾಹೂ ಗ್ರೂಪ್ಸ್ ಪೂರ್ತಿಯನ್ನೇ ಮುಚ್ಚಿದರು. 2006ರಲ್ಲಿ ಕೆಲವೇ ಪುಟಗಳ ಪಟ್ಟಿ ಕೊಟ್ಟಾಗ ಬ್ಲಾಗ್‌ಸ್ಪಾಟ್ ಇಡೀ ಮಾಯವಾಯಿತು. 2015ರಲ್ಲಿ 857 ಅಶ್ಲೀಲ ತಾಣಗಳನ್ನು ತಡೆಯುವ ಆದೇಶ ಹೊರಟು ಕೆಲವೇ ದಿನಗಳಲ್ಲಿ ಸಡಿಲವಾಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ನಿರ್ದೇಶನದ ಮೇಲೆ ಅದೇ ಪಟ್ಟಿಯನ್ನು ಮತ್ತೆ ತೆಗೆದು ಪರಿಶೀಲಿಸಿದಾಗ ಅದರಲ್ಲಿ 30 ತಾಣಗಳಲ್ಲಿ ಅಶ್ಲೀಲವಾದದ್ದೇನೂ ಇಲ್ಲವೆಂದು ಕಂಡು, 827ನ್ನು ಮಾತ್ರ ತಡೆಯಲು ಹೇಳಲಾಯಿತು. ಆ ಮೂವತ್ತು ತಾಣಗಳು ಮೂರು ವರ್ಷ ಪಟ್ಟಿಯಲ್ಲಿ ಏಕಿದ್ದವು ಎಂದು ಕೇಳುವವರು ಇರಲಿಲ್ಲ.

ಹೀಗೆ ಬೇಕಾದದ್ದನ್ನೂ ಸೇರಿಸಿ ಮುಚ್ಚಿಬಿಡುವುದಕ್ಕೆ ತಾಂತ್ರಿಕ ಕಾರಣವೂ ಇದೆ. ಇಂದು ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಲಕೋಟೆಯಲ್ಲಿ ಬರುತ್ತವೆ. ಸೇವಾದಾರನಿಗೆ ಲಕೋಟೆಯ ಮೇಲಿನ ತಾಣದ ಹೆಸರು ಕಾಣುತ್ತದೆ, ಒಳಗಿನ ಪುಟ ಕಾಣುವುದಿಲ್ಲ. ಹಾಗಾಗಿ ಯೂಟ್ಯೂಬಿನ ಒಂದು ಕೆಟ್ಟ ವಿಡಿಯೊ ತಡೆಯಬೇಕೆಂದರೆ ಒಂದೋ ಯೂಟ್ಯೂಬನ್ನೇ ಮುಚ್ಚಬೇಕು, ಇಲ್ಲವೇ ಸುಮ್ಮನಿರಬೇಕು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆಂಡ್ ಸೊಸೈಟಿಯ ಸಂಶೋಧಕರು ಅಳೆದು ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಮ್ಮ ದೊಡ್ಡ ಸೇವಾದಾರರು ಬೇರೆ ಬೇರೆ ವಿಧಾನಗಳಿಂದ ತಡೆಯುತ್ತಿದ್ದರು ಮತ್ತು ಒಬ್ಬರಲ್ಲಿ ಮುಚ್ಚಿದ್ದ ತಾಣ ಇನ್ನೊಬ್ಬರಲ್ಲಿ ತೆರೆದಿರುತ್ತಿತ್ತು. ಸಿಮ್ ಬದಲಿಸಿದರೆ ತಡೆಯೂ ಬದಲಾಗುತ್ತದೆ ಎಂಬ ಗುಟ್ಟು ಕಾಲೇಜು ಹುಡುಗರಿಗೆ ಅಧ್ಯಯನವಿಲ್ಲದೆಯೇ ತಿಳಿದಿದೆ.

ಆದ್ದರಿಂದ ಮುಖ್ಯ ಕಾಲುವೆಯ ತಡೆಗೆ ನಾನು ಕೊಡುವ ಜಾಗ ಚಿಕ್ಕದು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳಂಥ, ನೋಡುವುದೂ ಅಪರಾಧವೆಂದು ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ವಿಧಿ ಹೇಳುವ ವಸ್ತುಗಳಿಗೆ ಅದು ಸರಿ. ಮಗು ಏನು ನೋಡಬೇಕು ಎಂಬ ಮನೆಯ ತೀರ್ಮಾನಕ್ಕೆ ಅದು ತಕ್ಕ ಸಾಧನವಲ್ಲ. ಗಂಗಾವತಿಯ ಒಬ್ಬ ಅಂಗಡಿಕಾರನ ತಾಣ ತಪ್ಪಿ ಮುಚ್ಚಿಹೋದರೆ ಅವನು ಕೊನೆಗೆ ಧಾರವಾಡದ ಹೈಕೋರ್ಟ್ ಪೀಠದವರೆಗೆ ಹೋಗಬೇಕಾದೀತು. ಮನೆಯ ರೌಟರಿನಲ್ಲಾದ ತಪ್ಪಿಗೆ ಅಷ್ಟು ದೂರ ಹೋಗಬೇಕಿಲ್ಲ.

ತೂಬಿನಲ್ಲಿ ತಡೆಯುವುದು: ರೌಟರ್ ಮತ್ತು ಡಿಎನ್‌ಎಸ್

ತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿ ಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ರೌಟರಿನಲ್ಲಿ ಸೇವಾದಾರನ ಡಿಎನ್‌ಎಸ್ ತೆಗೆದು, ಕೆಟ್ಟ ತಾಣದ ವಿಳಾಸ ಕೇಳಿದರೆ ಉತ್ತರ ಕೊಡದ ಡಿಎನ್‌ಎಸ್ ಒಂದನ್ನು ಬರೆದರೆ, ಆ ರೌಟರಿಗೆ ಜೋಡಿಸಿದ ಎಲ್ಲ ಯಂತ್ರಗಳಿಗೂ ಸೋಸುವಿಕೆ ಅನ್ವಯವಾಗುತ್ತದೆ. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ, ಬೇಡವಾದರೆ ಮತ್ತೆ ಹತ್ತು ನಿಮಿಷ.

ಉಚಿತವಾಗಿ ಸಿಗುವವುಗಳ ನಡುವೆ ವ್ಯತ್ಯಾಸವಿದೆ. ಕ್ಲೌಡ್‌ಫ್ಲೇರ್ 2020ರ ಏಪ್ರಿಲಿನಲ್ಲಿ ಆರಂಭಿಸಿದ ಕುಟುಂಬ ಸೇವೆಯಲ್ಲಿ 1.1.1.2 ಎಂಬುದು ವೈರಸ್ ಹರಡುವ ತಾಣಗಳನ್ನು ಮಾತ್ರ, 1.1.1.3 ಎಂಬುದು ಅವುಗಳ ಜೊತೆಗೆ ವಯಸ್ಕರ ತಾಣಗಳನ್ನೂ ತಡೆಯುತ್ತದೆ. ಆರಂಭದಲ್ಲಿ ಅದು ಲೈಂಗಿಕ ಅಲ್ಪಸಂಖ್ಯಾತರ ಮಾಹಿತಿ ತಾಣಗಳನ್ನೂ ತಪ್ಪಾಗಿ ತಡೆದಿತ್ತು. ಕಂಪನಿ ತಪ್ಪೊಪ್ಪಿಕೊಂಡು ಕೂಡಲೇ ಸರಿಪಡಿಸಿತು. ಕ್ಲೀನ್‌ಬ್ರೌಸಿಂಗ್‌ನ ಕುಟುಂಬ ಸೇವೆ, 185.228.168.168, ಇದಕ್ಕಿಂತ ಬಿಗಿ: ಗೂಗಲ್ ಹುಡುಕಾಟವನ್ನು ಸುರಕ್ಷಿತ ಸ್ಥಿತಿಯಲ್ಲೂ ಯೂಟ್ಯೂಬನ್ನು ನಿರ್ಬಂಧಿತ ಸ್ಥಿತಿಯಲ್ಲೂ ಇಡುತ್ತದೆ, ತಡೆ ದಾಟಿಸುವ ವಿಪಿಎನ್ ತಾಣಗಳನ್ನೂ ಒಳ್ಳೆಯದೂ ಕೆಟ್ಟದ್ದೂ ಬೆರೆತಿರುವ ರೆಡ್ಡಿಟ್‌ನಂಥ ತಾಣಗಳನ್ನೂ ಮುಚ್ಚುತ್ತದೆ. ಹಿರಿಯರೂ ಬಳಸುವ ಮನೆಗೆ ಇದು ಕಿರಿಕಿರಿಯಾಗಬಹುದು, ಹದಿನಾಲ್ಕರ ಒಳಗಿನ ಮಕ್ಕಳೇ ಹೆಚ್ಚಾಗಿ ಬರುವ ಗ್ರಂಥಾಲಯಕ್ಕೆ ಇದೇ ಸರಿ.

ಬೆಟ್ಟಿಂಗ್ ತಾಣಗಳ ಪ್ರಶ್ನೆ ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ನಿಷೇಧಿಸಿದೆಯಾದರೂ, ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿ ಮರುದಿನವೇ ಎದ್ದು ಬರುವ ತಾಣಗಳಿಗೆ ಕೊರತೆಯಿಲ್ಲ. 1.1.1.3 ಬೆಟ್ಟಿಂಗ್ ಅನ್ನು ತಡೆಯುವುದಿಲ್ಲ; ಅದಕ್ಕೆ ವಿಷಯವಾರು ಆಯ್ಕೆ ಕೊಡುವ ಓಪನ್‌ಡಿಎನ್‌ಎಸ್ ಹೋಮ್ ಅಥವಾ ನೆಕ್ಸ್ಟ್‌ಡಿಎನ್‌ಎಸ್ ಬೇಕು. ಇವುಗಳಲ್ಲಿ ಮೊದಲನೆಯದು ನಮ್ಮ ಕಡೆ ಎಡವುತ್ತದೆ. ಅದು ನಿಮ್ಮ ಮನೆಯನ್ನು ಗುರುತಿಸುವುದು ಸಾರ್ವಜನಿಕ ಐಪಿ ವಿಳಾಸದಿಂದ. ಆದರೆ ಹಲವು ಸೇವಾದಾರರು ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುವುದರಿಂದ ನಿಮ್ಮ ಆಯ್ಕೆ ನಿಮಗೆ ಅಂಟುವುದಿಲ್ಲ. ನೆಕ್ಸ್ಟ್‌ಡಿಎನ್‌ಎಸ್ ಪ್ರತಿ ಖಾತೆಗೂ ಬೇರೆ ಹೆಸರು ಕೊಡುವುದರಿಂದ, ಆ ಹೆಸರನ್ನು ಬರೆಯಲು ಬರುವ ರೌಟರಿನಲ್ಲಿ ಅಥವಾ ಫೋನಿನಲ್ಲಿ ಈ ತೊಡಕಿಲ್ಲ. ತಿಂಗಳಿಗೆ 3 ಲಕ್ಷ ಪ್ರಶ್ನೆಗಳವರೆಗೆ ಅದು ಉಚಿತ, ಒಂದು ಸಾಧಾರಣ ಮನೆಗೆ ಸಾಲುತ್ತದೆ. ಯಾವುದನ್ನೇ ಆರಿಸಿದರೂ, ನೀವು ಯಾವ ಯಾವ ತಾಣಕ್ಕೆ ಹೋಗುತ್ತೀರಿ ಎಂಬುದು ಆ ಕಂಪನಿಗೆ ತಿಳಿಯುತ್ತದೆ ಎಂಬುದು ನೆನಪಿರಲಿ.

ಇಲ್ಲಿ ನನ್ನದೊಂದು ಅಸಮಾಧಾನ ಹೇಳಿಕೊಳ್ಳಬೇಕು. ಊರಿಗೆ ಫೈಬರ್ ಕೊಟ್ಟ ಸ್ಥಳೀಯ ಕೇಬಲ್‌ನವರು ರೌಟರಿನ ಪಾಸ್‌ವರ್ಡ್ ಕೊಡಲಿಲ್ಲ. ಕೇಳಿದಾಗಲೆಲ್ಲ ನಾಳೆ ಹುಡುಗನನ್ನು ಕಳಿಸುತ್ತೇವೆ ಎಂಬ ಉತ್ತರವೇ ಬಂತು. ಅದೇ ದಿನಗಳಲ್ಲಿ ವಿದ್ಯಾರ್ಥಿವೇತನದ ಪುಟವೊಂದು ನಾಲ್ಕು ದಿನ ತೆರೆಯಲಿಲ್ಲ; ಅದು ಸೋಸುವಿಕೆಗೆ ಸಿಕ್ಕಿತೋ, ಕೆಟ್ಟಿತ್ತೋ ಎಂದು ಹೇಳಬಲ್ಲವರು ಊರಲ್ಲಿ ಯಾರೂ ಇರಲಿಲ್ಲ. ಕೊನೆಗೆ ಅವರ ಪೆಟ್ಟಿಗೆಯ ಹಿಂದೆ ನಮ್ಮದೇ ಒಂದು ಸಣ್ಣ ರೌಟರ್ ಕೊಂಡು ಜೋಡಿಸಿದೆವು. ಹೊಸ ಸಂಪರ್ಕ ಪಡೆಯುವವರು ತಿಂಗಳ ಬಾಡಿಗೆ ಕೇಳುವ ಮೊದಲು ಪಾಸ್‌ವರ್ಡ್ ಕೊಡುತ್ತೀರಾ ಎಂದು ಕೇಳುವುದು ಒಳ್ಳೆಯದು.

ಮಡೆಯಲ್ಲಿ ತಡೆಯುವುದು: ಫೋನು

ಕೊಪ್ಪಳ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಬಹುಪಾಲು ಮನೆಗಳಿಗೆ ರೌಟರೇ ಇಲ್ಲ, ಅಂತರ್ಜಾಲವೆಂದರೆ ಸಿಮ್. ರೌಟರ್ ಇರುವ ಮನೆಯಲ್ಲಿಯೂ ವೈಫೈ ಬಂದ್ ಮಾಡಿದರೆ ಸೋಸುವಿಕೆ ತಪ್ಪಿಹೋಗುತ್ತದೆ. ಹೀಗಾಗಿ ಹೆಚ್ಚಿನವರಿಗೆ ನಿಜವಾದ ಆಯ್ಕೆ ಇರುವುದು ಫೋನಿನಲ್ಲಿಯೇ. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ಇದೆ. ಅಲ್ಲಿ ಅಂಕಿಗಳ ವಿಳಾಸದ ಬದಲು ಸೋಸುವ ಸೇವೆ ಕೊಡುವ ಹೆಸರನ್ನು ಬರೆದರೆ ಸಿಮ್‌ನಲ್ಲಿಯೂ ವೈಫೈಯಲ್ಲಿಯೂ ಅದೇ ಸೋಸುವಿಕೆ ನಡೆಯುತ್ತದೆ. ಸೆಟ್ಟಿಂಗ್ ಬಲ್ಲ ಮಗು ಅದನ್ನು ಅಳಿಸಬಲ್ಲದು ಎಂಬುದೂ ಅಷ್ಟೇ ನಿಜ.

ಗೂಗಲ್‌ನ ಫ್ಯಾಮಿಲಿ ಲಿಂಕ್ ಮತ್ತು ಆಪಲ್‌ನ ಸ್ಕ್ರೀನ್ ಟೈಮ್ ಇದಕ್ಕಿಂತ ಒಳಗೆ ಇಳಿಯುತ್ತವೆ. ಯಾವ ಆ್ಯಪ್ ಹಾಕಬಹುದು, ಎಷ್ಟು ಹೊತ್ತು ಬಳಸಬಹುದು, ರಾತ್ರಿ ಎಷ್ಟು ಗಂಟೆಗೆ ಫೋನು ಮಲಗಬೇಕು ಎಂಬುದನ್ನು ಪೋಷಕರು ತಮ್ಮ ಫೋನಿನಿಂದ ನಿರ್ಧರಿಸಬಹುದು. ಡಿಎನ್‌ಎಸ್‌ಗೆ ಕಾಣದ ಒಳಪುಟಗಳ ಸಮಸ್ಯೆಗೆ ಇವುಗಳಲ್ಲಿ ಭಾಗಶಃ ಉತ್ತರವಿದೆ. ಇವು ಬಯಸುವುದು ಮಾತ್ರ ಮಗುವಿಗೊಂದು ಸ್ವಂತ ಖಾತೆ, ಸಾಮಾನ್ಯವಾಗಿ ಸ್ವಂತ ಫೋನು. ನಮ್ಮಲ್ಲಿ ಅಪ್ಪನ ಫೋನೇ ಸಂಜೆ ಮಗನ ಫೋನು, ರಾತ್ರಿ ಅಮ್ಮನ ಫೋನು. ಹಂಚಿಕೊಂಡ ಫೋನಿಗೆ ಫ್ಯಾಮಿಲಿ ಲಿಂಕ್ ಹಾಕಲು ಹೋಗಿ ಅಪ್ಪನ ಖಾತೆಯೇ ಮಗುವಿನದಾಗಿ ಪರದಾಡಿದವರನ್ನು ಕಂಡಿದ್ದೇನೆ. ಅಂಥಲ್ಲಿ ಫೋನಿನಲ್ಲಿ ಎರಡನೆಯ ಬಳಕೆದಾರನನ್ನು ಸೃಷ್ಟಿಸುವ ಸೌಲಭ್ಯವಿದ್ದರೆ ಅದನ್ನು ಮಗುವಿಗೆ ಮೀಸಲಿಡುವುದು, ಇಲ್ಲದಿದ್ದರೆ ಪರದೆಯನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುವ ಸ್ಕ್ರೀನ್ ಪಿನ್ನಿಂಗ್ ಬಳಸಿ ಯೂಟ್ಯೂಬ್ ಕಿಡ್ಸ್ ತೆರೆದು ಕೊಡುವುದು ಸಾಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದು ಬರುವ ವಿಡಿಯೊಗಳನ್ನು ಈ ಮೂರೂ ಮಟ್ಟಗಳಲ್ಲಿ ಯಾವುದೂ ಹಿಡಿಯುವುದಿಲ್ಲ.

ಕನ್ನಡದ ಮಾತೂ ಒಂದಿದೆ. ಪದ ನೋಡಿ ತಡೆಯುವ ಸಾಧನಗಳಲ್ಲಿ ಹಲವು ಇಂಗ್ಲಿಷ್ ಪದಗಳ ಮೇಲೆ ನಿಂತಿವೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಬೈಗುಳ ಅವುಗಳ ಕಣ್ಣಿಗೆ ಬೀಳದೆ ಹೋಗಬಹುದು, ಸ್ತನ ಕ್ಯಾನ್ಸರಿನ ಇಂಗ್ಲಿಷ್ ಪುಟ ಮಾತ್ರ ಸಿಕ್ಕಿಬೀಳಬಹುದು.

ಯಾರಿಗೆ ಯಾವುದು

ಒಂದೇ ಹಂಚಿಕೆಯ ಫೋನಿರುವ ಮನೆಗೆ ಎರಡನೆಯ ಬಳಕೆದಾರ ಖಾತೆ ಮತ್ತು ಪ್ರೈವೇಟ್ ಡಿಎನ್‌ಎಸ್ ಸಾಕು. ಮಗುವಿಗೆ ಸ್ವಂತ ಫೋನು ಕೊಡಿಸಿದ್ದರೆ ಫ್ಯಾಮಿಲಿ ಲಿಂಕ್, ಆದರೆ ಅದನ್ನು ಮಗುವಿಗೆ ತಿಳಿಸಿಯೇ ಹಾಕಬೇಕು; ಕದ್ದು ಹಾಕಿದ ಕಾವಲು ಒಂದು ದಿನ ಗೊತ್ತಾದಾಗ ಹೋಗುವ ವಿಶ್ವಾಸವನ್ನು ಯಾವ ಸೆಟ್ಟಿಂಗ್ ಮರಳಿ ತರುವುದಿಲ್ಲ. ಫೈಬರ್ ಇರುವ ಮನೆಗೆ ರೌಟರಿನಲ್ಲಿ ಡಿಎನ್‌ಎಸ್, ಮಕ್ಕಳ ಫೋನಿನಲ್ಲಿಯೂ ಅದೇ. ಶಾಲೆ ಮತ್ತು ಅರಿವು ಕೇಂದ್ರಗಳಿಗೆ ಬಿಗಿಯಾದ ಡಿಎನ್‌ಎಸ್, ಜೊತೆಗೆ ಪರದೆಗಳೆಲ್ಲ ಬಾಗಿಲ ಕಡೆಗೆ ಮುಖ ಮಾಡಿರುವಂತೆ ಮೇಜು ತಿರುಗಿಸಿಡುವುದು. ಈ ಕೊನೆಯದಕ್ಕೆ ಯಾವ ತಂತ್ರಾಂಶವೂ ಬೇಡ, ಪರಿಣಾಮ ಮಾತ್ರ ಎಲ್ಲಕ್ಕಿಂತ ಹೆಚ್ಚು. ಯಾವ ಸೋಸುವಿಕೆ ಇದ್ದರೂ ಮಗುವಿಗೆ ಯಾರಾದರೂ ಆನ್‌ಲೈನಿನಲ್ಲಿ ಕಾಟ ಕೊಟ್ಟರೆ 1098, ಹಣ ವಂಚನೆಯಾದರೆ 1930 ಎಂಬ ಎರಡು ಸಂಖ್ಯೆಗಳು ಗೋಡೆಯ ಮೇಲಿರಬೇಕು.

ಹಾಕಿದ ಮೇಲೆ ಪರೀಕ್ಷಿಸಿ ನೋಡುವುದು ಅವಶ್ಯ. ತಡೆಯಬೇಕಾದ ಹತ್ತು ತಾಣಗಳನ್ನು ಹಿರಿಯರೊಬ್ಬರು ತೆರೆದು ನೋಡಲಿ. ಅದಕ್ಕಿಂತ ಮುಖ್ಯವಾಗಿ, ತೆರೆಯಲೇಬೇಕಾದ ಹತ್ತು ಪುಟಗಳನ್ನೂ ನೋಡಲಿ: ಋತುಚಕ್ರದ ಮಾಹಿತಿ, ಸ್ತನ ಕ್ಯಾನ್ಸರಿನ ಲಕ್ಷಣ, ಏಡ್ಸ್ ಚಿಕಿತ್ಸೆ, ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಬರುವ ಸಂತಾನೋತ್ಪತ್ತಿಯ ಪಾಠ, ವಿದ್ಯಾರ್ಥಿವೇತನ, ಪಹಣಿ. ನಮ್ಮ ಕೇಂದ್ರದಲ್ಲಿ ಪುಸ್ತಕ ಎರವಲಿನ ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ತೆರೆಯದ ಪುಟಗಳನ್ನು ಬರೆಯಲು ಒಂದು ಕಾಲಂ ಎಳೆದಿದ್ದೇವೆ. ಪುಟದ ಹೆಸರು, ದಿನಾಂಕ, ಯಾಕೆ ಬೇಕಿತ್ತು ಎಂದು ಮಕ್ಕಳೇ ಬರೆಯುತ್ತಾರೆ. ಶನಿವಾರ ಗ್ರಂಥಪಾಲಕರು ಅದನ್ನು ನೋಡಿ, ಸರಿಯೆನಿಸಿದರೆ ರೌಟರಿನಲ್ಲಿ ಬಿಡಿಸುತ್ತಾರೆ. ಹೋದ ಶನಿವಾರ ಬಿಡಿಸಿದ್ದು ಮೂರು ಪುಟ. ಅವುಗಳಲ್ಲಿ ಒಂದು ಕಿನ್ನಾಳದ ಬೊಂಬೆಗಳದ್ದು. ಅದು ಯಾಕೆ ಸಿಕ್ಕಿಬಿದ್ದಿತ್ತೆಂದು ನಮಗೆ ಯಾರಿಗೂ ಬಗೆಹರಿದಿಲ್ಲ.